ತಗಚಿಯನ್ನು ಕಸದ ಗುಂಪಿಗೆ ಹಾಕಿದ್ದು

ತಗಚಿ ಸೊಪ್ಪಿನ ಪಲ್ಲೆಯನ್ನು ಮನುಷ್ಯರು ತಿನ್ನುವುದಿಲ್ಲ ಎಂದು ನಾನು ನಾಲ್ಕು ಜನರ ಎದುರು ಹೇಳಿದೆ. ಹೇಳಿದ್ದನ್ನು ಬರೆದುಕೊಂಡರು. ಅದು ಸುಳ್ಳು. ಆ ಸುಳ್ಳು ಎಲ್ಲೆಲ್ಲಿಗೆ ಹೋಯಿತು ಎಂಬುದನ್ನು ಬರೆಯುತ್ತೇನೆ. ನನ್ನ ಓದು ಮೂರನೇ ಇಯತ್ತೆಗೆ ನಿಂತಿದೆ, ಬರೆದು ರೂಢಿಯಿಲ್ಲ. ತಪ್ಪಿದ ಅಕ್ಷರಗಳನ್ನು ಸೊಸೆ ತಿದ್ದಿದ್ದಾಳೆ. ಮಾತು ತಿದ್ದಲು ಬಿಟ್ಟಿಲ್ಲ.

ಹಿರೇಬೆಂಡಿಗೇರಿಯ ನಮ್ಮ ಮನೆಗೆ ಮೇಡಂ ಮೊದಲು ಬಂದದ್ದು ಮುಂಗಾರು ಶುರುವಾದಾಗ. ಧಾರವಾಡ ಕಡೆಯವರು, ಗಿಡಗಳ ಶಾಸ್ತ್ರ ಓದಿದವರು. ಜೊತೆಗೆ ಕಂಪ್ಯೂಟರ್ ಕೆಲಸದ ಒಬ್ಬ ಸರ್. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕಿನ ಹೊಲ, ಬದು, ರಸ್ತೆಯ ಅಂಚಿನಲ್ಲಿ ಬಿತ್ತದೆ ಹುಟ್ಟುವ ಗಿಡಗಳ ಬಗ್ಗೆ ಶಾಸ್ತ್ರದಲ್ಲಿ ಇರುವುದನ್ನೂ ಜನರಿಗೆ ಗೊತ್ತಿರುವುದನ್ನೂ ಒಂದೇ ಕಡೆ ಜೋಡಿಸುವುದು ಅವರ ಕೆಲಸ. ಯಾವ ಗಿಡ ಯಾವ ಗುಂಪಿನದು, ಯಾವ ಊರಿನಲ್ಲಿ ಏನು ಹೆಸರು, ಯಾವುದಕ್ಕೆ ಬರುತ್ತದೆ, ಯಾವ ತಿಂಗಳಲ್ಲಿ. ಪುಸ್ತಕ ಮಾಡುವುದಲ್ಲ, ಕಂಪ್ಯೂಟರಿಗೆ ತಿಳಿಯುವ ಹಾಗೆ ಜೋಡಿಸುವುದು. ನಲವತ್ತು ವರ್ಷ ಕುರಪಿ ಹಿಡಿದು ಹೊಲದ ಕಸ ತೆಗೆದವಳು ಎಂದು ಯಾರೋ ನನ್ನ ಹೆಸರು ಹೇಳಿದ್ದರು.

ಶಿಗ್ಗಾಂವಿಯಲ್ಲಿ ಒಂದು ಬಾಡಿಗೆ ಕೋಣೆ. ವಾರಕ್ಕೆ ಎರಡು ದಿನ ಬಸ್ಸು ಹಿಡಿದು ಹೋಗುತ್ತಿದ್ದೆ. ಗಿಡಗಳ ಫೋಟೊ ಅಂಟಿಸಿದ ರಟ್ಟಿನ ಕಾರ್ಡುಗಳನ್ನು ಚಾಪೆಯ ಮೇಲೆ ಸುರಿದು, ಯಾವ್ಯಾವು ಒಂದೇ ಬಗೆ ಅನಿಸುತ್ತವೋ ಒಂದು ಕಡೆ ಇಡಿ ಎನ್ನುತ್ತಿದ್ದರು. ಇಟ್ಟ ಮೇಲೆ, ಯಾಕೆ ಇಟ್ಟಿರಿ ಎಂದು ಕೇಳುತ್ತಿದ್ದರು. ಮೂರನ್ನು ತೆಗೆದು, ಇವುಗಳಲ್ಲಿ ಯಾವುದು ಯಾವುದಕ್ಕೆ ಹತ್ತಿರ ಎನ್ನುತ್ತಿದ್ದರು. ಮೊದಲ ದಿನ ನನಗೆ ಇದು ಹುಡುಗಾಟಿಕೆ ಎನಿಸಿತು. ಮೂರನೇ ದಿನಕ್ಕೆ ತಲೆನೋವು ಬಂತು. ಗೊತ್ತಿರುವುದನ್ನು ಯಾಕೆ ಗೊತ್ತಿದೆ ಎಂದು ಹೇಳುವುದು ಕಸ ತೆಗೆಯುವುದಕ್ಕಿಂತ ಕಷ್ಟ.

ಗೋಡೆಯ ಮೇಲೆ ದೊಡ್ಡ ಹಾಳೆ, ಮೊಳೆ, ದಾರ. ಕೆಂಪು ದಾರ ಕಟ್ಟಿದರೆ ಇದು ಅದರ ಒಂದು ಬಗೆ ಎಂದು ಅರ್ಥ. ಹಸಿರು ದಾರ ಬಳಕೆಗೆ. ಬಿಳಿ ದಾರ, ಗಿಡ ಒಂದೇ ಹೆಸರು ಎರಡು ಎನ್ನುವುದಕ್ಕೆ. ಬಿಳಿ ದಾರವೇ ಹೆಚ್ಚು ಖರ್ಚಾಯಿತು. ಹಾನಗಲ್ಲಿನ ಗದ್ದೆಯಲ್ಲಿ ಒಂದು ಹೆಸರು, ಹಿರೇಕೆರೂರಿನ ಗೋವಿನಜೋಳದ ಹೊಲದಲ್ಲಿ ಇನ್ನೊಂದು, ಸವಣೂರಿನ ಮುಸಲ್ಮಾನರ ಮನೆಗಳಲ್ಲಿ ಮತ್ತೊಂದು. ಒಂದೊಂದು ಮಾತಿನ ಮುಂದೆಯೂ ಅದನ್ನು ಹೇಳಿದವರ ಹೆಸರು ಬರೆಯುತ್ತಿದ್ದರು.

ಎರಡನೇ ತಿಂಗಳಿಗೆ ಕೆಲಸ ಸಿಕ್ಕಿಹಾಕಿಕೊಂಡಿತು. ಎರಡು ಕಾರ್ಡುಗಳನ್ನು ಸವಣೂರಿನ ಹೆಂಗಸರು ಬೇರೆ ಬೇರೆ ಗುಂಪಿಗೆ ಹಾಕಿದ್ದರು, ಹಿರೇಕೆರೂರಿನವರು ಒಂದನ್ನು ಗೊತ್ತೇ ಇಲ್ಲ ಎಂದಿದ್ದರು. ಸರ್ ಮೂರು ದಿನ ತಡಕಾಡಿದರು. ನಾನು ಆ ಕಾರ್ಡುಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಎರಡೂ ತಗಚಿ. ಒಂದರಲ್ಲಿ ಎಲೆ ಅಗಲವಾಗಿ ಬಿಚ್ಚಿದೆ, ಇನ್ನೊಂದರಲ್ಲಿ ಜೋಡಿ ಎಲೆಗಳು ಒಂದಕ್ಕೊಂದು ಅಂಟಿ ಜೋತುಬಿದ್ದಿವೆ. ಹೊತ್ತು ಮುಳುಗುವಾಗ ತಗಚಿ ಎಲೆ ಮಡಚುತ್ತದೆ, ಅದು ಹೊಲದಲ್ಲಿದ್ದವರಿಗೆಲ್ಲ ಗೊತ್ತು. ಸಂಜೆ ಫೋಟೊ ಹೊಡೆದು ಬೇರೆ ನಂಬರು ಕೊಟ್ಟಿದ್ದರು. ಫೋಟೊಗೆ ವಾಸನೆ ಇಲ್ಲ, ಗಿಡ ಕಿತ್ತು ತನ್ನಿ, ಎಲೆ ತಿಕ್ಕಿ ಮೂಸಿ ಹೇಳುತ್ತೇನೆ ಎಂದೆ. ಅವತ್ತಿನಿಂದ ಹಸಿ ಗಿಡಗಳನ್ನೇ ತರತೊಡಗಿದರು. ನನ್ನನ್ನು ಅವರು ಆಯಿ ಎಂದು ಕರೆಯುತ್ತಿದ್ದರು. ಸರ್ ನಗುತ್ತ, ಆಯಿ ಕಂಪ್ಯೂಟರಿನ ತಪ್ಪು ಹಿಡಿದರು ಎಂದು ಬಂದವರಿಗೆಲ್ಲ ಹೇಳಿದರು. ಯಾವ ಮಾತಿಗೆ ಜಗಳ ಬಂದರೂ ಆಯಿಯನ್ನು ಕೇಳಿ ಎನ್ನುವುದು ಅಲ್ಲಿಂದ ಶುರುವಾಯಿತು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಗೋಡೆಯ ಹಾಳೆಯಲ್ಲಿ ಒಂದೊಂದು ಗುಂಪಿಗೂ ಒಂದು ಚೌಕ, ಅದಕ್ಕೆ ಮನೆ ಎನ್ನುತ್ತಿದ್ದೆವು. ಕಸ ಎನ್ನುವ ಮನೆಯನ್ನು ಗೋಡೆಯ ಮೇಲೆ ಕಟ್ಟಿಸಿದವಳೂ ನಾನೇ. ಕಸ ಅಂದರೆ ಏನು ಎಂದು ಮೇಡಂ ಕೇಳಿದಾಗ, ಬೆಳೆಗೆ ಬೇಡದ್ದು, ಜನ ತಿನ್ನದ್ದು ಎಂದೆ. ಸರ್ ಅದನ್ನು ಮೇಲೆ ಬರೆದು, ಹದಿನೇಳು ಗಿಡಗಳನ್ನು ಅದರ ಕೆಳಗೆ ಕೆಂಪು ದಾರದಿಂದ ಕಟ್ಟಿದರು. ತಗಚಿಯನ್ನೂ ಕಟ್ಟಿದರು. ಹೊಲದ ಮಾಲಕರು ನಲವತ್ತು ವರ್ಷ ಅದನ್ನು ಕಸ ಎಂದೇ ಕರೆದಿದ್ದರು, ನಾನೂ ವಿಚಾರ ಮಾಡದೆ ಹೂಂ ಎಂದೆ. ಆಗ ಅದು ಸುಳ್ಳಲ್ಲ, ಮರೆವು ಎನ್ನಬಹುದು. ಸರ್ ನನಗೆ ತಿಳಿಸಿ ಹೇಳಿದ್ದರು:

"ಮ್ಯಾಲಿನ ಮನೀಗೆ ಒಂದು ಮಾತು ಹೇಳಿದ್ರ ಅದು ಕೆಳಗಿನ ಎಲ್ಲಾ ಮನೀಗೂ ತಾನ ಹೋಗತೈತಿ ಆಯಿ. ಒಂದೊಂದಕ್ಕೂ ಬ್ಯಾರೆ ಹೇಳೋದು ಬೇಕಾಗಂಗಿಲ್ಲ."

ಇದು ಚಲೋ ಅನುಕೂಲ ಎನಿಸಿತು ನನಗೆ.

ಆಮೇಲೆ ಮೇಡಂ ಹುಲಗೂರಿಗೆ ಹೋದರು. ಅಲ್ಲಿ ಒಬ್ಬ ಹೆಂಗಸು ಇದ್ದಾಳೆ, ಗಂಡ ಇಲ್ಲ, ವಯಸ್ಸು ಐವತ್ತರ ಮೇಲೆ. ಮಳೆಗಾಲದಲ್ಲಿ ಹುಲಗೂರು, ದುಂಡಸಿ ಕಡೆಯ ಬದುಗಳ ಮೇಲೆ ಪಲ್ಲೆ ಚಿವುಟಿ ಶಿಗ್ಗಾಂವಿ ಸಂತೆಯಲ್ಲಿ ಮಾರುತ್ತಾಳೆ. ಅದೇ ಅವಳ ಹೊಟ್ಟೆಪಾಡು. ಅವಳು ಹತ್ತೊಂಬತ್ತು ಮಾತು ಹೇಳಿದ್ದಳು. ಯಾವ ಬಳ್ಳಿ ಮಳೆ ಬಿದ್ದ ಎಂಟು ದಿನಕ್ಕೆ ಮಾತ್ರ ತಿನ್ನಲು ಬರುತ್ತದೆ, ಬಾಣಂತಿಗೆ ಯಾವುದು ಕೊಡಬೇಕು, ಯಾವುದರ ನೀರು ಚೆಲ್ಲಬೇಕು, ಹೀಗೆ. ತಗಚಿ ಎಳೆಯದಿದ್ದಾಗ ಪಲ್ಲೆಗೆ ಆಗುತ್ತದೆ ಎನ್ನುವುದು ಅದರಲ್ಲಿ ಒಂದು. ಅವಳ ಮಾತುಗಳನ್ನು ಕಂಪ್ಯೂಟರಿಗೆ ಹಾಕಿದ ದಿನ ಏಳು ಕಡೆ ಕೆಂಪಾಯಿತು. ಕಸದ ಕೆಳಗಿನದು ಯಾವುದೂ ತಿನ್ನುವಂಥದ್ದಲ್ಲ ಎಂದು ನಾನು ಹೇಳಿದ್ದೆ, ಆ ಏಳನ್ನು ತಿನ್ನುತ್ತೇವೆ ಎಂದು ಅವಳು ಹೇಳಿದ್ದಳು. ಎರಡೂ ಒಟ್ಟಿಗೆ ಖರೆ ಆಗಲು ಸಾಧ್ಯವಿಲ್ಲ ಎನ್ನುವುದು ಕಂಪ್ಯೂಟರಿನ ತಕರಾರು.

ನನಗೆ ಆಗ ಮೊಣಕಾಲು ಹಿಡಿದಿತ್ತು. ಮೇಡಂ ಅವಳನ್ನು ಕರೆದುಕೊಂಡು ನಮ್ಮ ಮನೆಗೇ ಬಂದರು. ಅದೇ ದಿನ ಹಾನಗಲ್ಲಿನಿಂದ ಬೀಗತಿ ಬಂದಿದ್ದರು, ನನ್ನ ಸೊಸೆಯ ತಾಯಿ. ಗದ್ದೆ ಇದ್ದ ಮನೆಯವರು. ನನ್ನ ಮಗ ಹೊಲ ಕೊಂಡ ಮೇಲೆ ಆದ ಸಂಬಂಧ ಅದು. ಅದಕ್ಕೂ ಮೊದಲು ನಾವು ಏನು ಉಂಡೆವು, ಏನು ಉಟ್ಟೆವು ಎಂಬುದು ಅವರ ಎದುರು ಎಂದೂ ಬಂದ ಮಾತಲ್ಲ. ನಮ್ಮ ಕಡೆ ಬೀಗರು ಕುಳಿತಾಗ ಹಳೆಯ ಹಸಿವೆಯನ್ನು ಯಾರೂ ತೆಗೆಯುವುದಿಲ್ಲ. ಅಟ್ಟದ ಮೇಲಿನ ಹರಕು ಕೌದಿಯನ್ನೂ ಅವರು ಹೋಗುವ ತನಕ ಕೆಳಗಿಳಿಸುವುದಿಲ್ಲ. ಬೀಗತಿಗೆ ನನ್ನ ಕೆಲಸ ನೋಡುವ ಆಸೆ. ಗೋಡೆಗೆ ಒರಗಿ ಕುಳಿತರು.

ಮೇಡಂ ತಗಚಿ ಗಿಡವನ್ನು ಚಾಪೆಯ ಮೇಲಿಟ್ಟು ವಿಷಯ ಹೇಳಿದರು. ಹುಲಗೂರಿನ ಹೆಂಗಸು ನನ್ನನ್ನು ನೋಡಿ ನಕ್ಕಳು. ಅವಳಿಗೆ ಇದರಲ್ಲಿ ತಕರಾರೇ ಕಾಣಲಿಲ್ಲ.

"ಇವರನ್ನ ಕೇಳ್ರಿ ಮೇಡಂ. ಆಯಿಗೆ ಗೊತ್ತೈತಿ. ನಮ್ಮ ಅಮ್ಮಿ ಜೋಡಿ ಹೋಗಿ ಉಡಿ ತುಂಬ ಹರಕೊಂಡು ಬರ್ತಿದ್ರು."

ಬೀಗತಿ ಆ ಗಿಡವನ್ನು ಎರಡು ಬೆರಳಲ್ಲಿ ಎತ್ತಿ ಮೂಸಿ ಮುಖ ಹಿಂಡಿದರು. "ಇದನ್ನ ಮನಶ್ಯಾರು ತಿಂತಾರೇನ್ರಿ ಅಕ್ಕಾರ?" ಎಂದು ನನ್ನನ್ನೇ ಕೇಳಿದರು.

"ನಾ ಎಂದೂ ತಿಂದಿಲ್ರಿ," ಎಂದೆ. "ದನ ಸೈತ ಮುಟ್ಟಂಗಿಲ್ಲ ಅದನ್ನ. ಮಾರೋ ಮಂದಿ ಮಾರಾಕ ಏನರ ಹೇಳ್ತಾರ."

ದನ ಮುಟ್ಟುವುದಿಲ್ಲ ಎನ್ನುವುದು ಖರೆ. ಉಳಿದದ್ದು ಸುಳ್ಳು. ಅವಳ ತಾಯಿಯೂ ನಾನೂ ಒಂದೇ ಸಾಲಿನಲ್ಲಿ ಕುಳಿತು ಕಸ ತೆಗೆದವರು. ಹಿರಿಯ ಮಗ ಹೊಟ್ಟೆಯಲ್ಲಿದ್ದಾಗ ಇಡೀ ಆಷಾಢ ತಗಚಿಯ ಮೇಲೆ ದಿನ ತೆಗೆದಿದ್ದೇನೆ. ಹೂ ಬರುವ ಮೊದಲು ಕುಡಿ ಮಾತ್ರ ಚಿವುಟಬೇಕು, ಕುದಿಸಿ ನೀರು ಹಿಂಡಬೇಕು, ಬಳ್ಳೊಳ್ಳಿ, ಖಾರ, ಒಂದು ಹಿಡಿ ಜೋಳದ ನುಚ್ಚು ಹಾಕಿದರೆ ವಾಸನೆ ಹೋಗುತ್ತದೆ ಎಂದು ಕಲಿಸಿದವಳು ಅವಳ ತಾಯಿ. ಅಲ್ಲಿಯವರೆಗೆ ನನಗೆ ಆ ಗಿಡದ ಹೆಸರೇ ಗೊತ್ತಿರಲಿಲ್ಲ.

ಹುಲಗೂರಿನವಳು ನನ್ನ ಮುಖ ನೋಡಿದಳು. ಆಮೇಲೆ, "ಹಂಗಾರ ಇರ್ಲಿ ಬಿಡ್ರಿ" ಎಂದು ಸೆರಗು ತಲೆಗೆ ಎಳೆದುಕೊಂಡು ಎದ್ದಳು. ಸೊಸೆ ಚಹಾ ತಂದಳು, ಕುಡಿಯಲಿಲ್ಲ.

ಮೇಡಂ ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಇನ್ನೊಮ್ಮೆ ತಗ್ಗಿದ ದನಿಯಲ್ಲಿ ಕೇಳಿದರು, ಖಾತ್ರಿ ಇದೆಯೇನ್ರಿ ಆಯಿ ಎಂದು. ಬೀಗತಿ ಒಳಗಿದ್ದರು, ಕೇಳಿಸುತ್ತಿರಲಿಲ್ಲ. ಆಗಲಾದರೂ ಹೇಳಬಹುದಿತ್ತು. ಖಾತ್ರಿ ಎಂದೆ. ಒಮ್ಮೆ ಹೇಳಿದ್ದನ್ನು ಐದು ನಿಮಿಷದಲ್ಲಿ ತಿರುಗಿಸಲು ನನ್ನ ಮೋರೆ ಒಪ್ಪಲಿಲ್ಲ.

ಅವರ ಕೆಲಸಕ್ಕೆ ಒಂದು ಪದ್ಧತಿ ಇತ್ತು. ಒಬ್ಬರ ಮಾತಿನಲ್ಲಿ ಒಂದು ಸುಳ್ಳು ಎಂದು ತೀರ್ಮಾನವಾದರೆ, ಅವರು ಹೇಳಿದ್ದೆಲ್ಲ ಬೇರೆಯವರಿಂದ ಖಾತ್ರಿ ಆಗುವ ತನಕ ಪಕ್ಕಕ್ಕೆ ಇಡುವುದು. ಹುಲಗೂರಿನವಳ ಹತ್ತೊಂಬತ್ತೂ ಪಕ್ಕಕ್ಕೆ ಹೋದವು. ಕಂಪ್ಯೂಟರಿನ ಕೆಂಪು ಹೋಯಿತು. ಸರ್‌ಗೆ ಖುಷಿ. ಆ ಪದ್ಧತಿ ನನಗೆ ಗೊತ್ತಾದದ್ದು ಮುಂದಿನ ವಾರ. ಗೊತ್ತಾದ ಮೇಲೂ ನಾನು ಸುಮ್ಮನೆ ಕಾರ್ಡು ಜೋಡಿಸಿದೆ.

ಮರುವರ್ಷ ಆ ಜೋಡಣೆಯೆಲ್ಲ ಫೋನಿಗೆ ಬಂತು. ಗಿಡದ ಮೇಲೆ ಫೋನು ಹಿಡಿದರೆ ಹೆಸರು, ಗುಂಪು, ಬಳಕೆ ಎಲ್ಲ ಕನ್ನಡದಲ್ಲಿ ತೋರಿಸುವುದು. ನನ್ನ ಮಗನೇ ಬದುವಿನ ಮೇಲೆ ನಿಂತು ತಗಚಿಗೆ ಹಿಡಿದು ಓದಿದ: ಕಸ, ತಿನ್ನಲು ಬರುವುದಿಲ್ಲ. ನಮ್ಮವ್ವ ಹೇಳಿದ್ದು ಎಂದು ಊರಿಗೆಲ್ಲ ತೋರಿಸಿದ. ಬದುವಿಗೆ ಕಸದ ಎಣ್ಣೆ, ಅಂದರೆ ಕಸ ಸಾಯಿಸುವ ಔಷಧ, ಹೊಡೆಯುವುದು ಮೊದಲೂ ಇತ್ತು, ಫೋನು ಬಂದು ಕಲಿಸಿದ್ದಲ್ಲ. ಆದರೆ ಮೊದಲು, ಪಲ್ಲೆಯವರು ಹರಿದುಕೊಳ್ಳಲಿ ಎಂದು ಒಂದು ವಾರ ತಡೆಯುವವರು ಇದ್ದರು. ಈಗ ಯಾರೂ ಕಾಯಲಿಲ್ಲ. ಮಗನೂ ಹೊಡೆದ. ಬ್ಯಾಡ ಎನ್ನಲು ನನಗೆ ಬಾಯಿ ಇರಲಿಲ್ಲ.

ಆ ಮಳೆಗಾಲದ ಒಂದು ಸಂತೆಯ ದಿನ ನಾನು ಶಿಗ್ಗಾಂವಿಯಲ್ಲಿದ್ದೆ. ಹುಲಗೂರಿನವಳು ಗೋಣಿತಟ್ಟಿನ ಮೇಲೆ ಪಲ್ಲೆ ಹರವಿಕೊಂಡು ಕುಳಿತಿದ್ದಳು, ಹೆಚ್ಚಿರಲಿಲ್ಲ. ಪ್ಯಾಂಟು ಹಾಕಿದ ಒಬ್ಬ ಗಂಡಸು ಅದರ ಮೇಲೆ ಫೋನು ಹಿಡಿದ.

"ನೋಡಬೇ, ಇದು ಕಸ ಅಂತ ಐತಿ ಇದರಾಗ. ಕಸ ಮಾರಾಕ ಕುಂತೀಯೇನ?"

"ಫೋನಿಗೆ ನಾಲಿಗಿ ಐತೇನ್ರಿ ಸಾಹೇಬ್ರ?" ಎಂದಳು ಅವಳು. "ತಿಂದು ನೋಡಿ ಹೇಳೇತೇನು ಅದು?"

ಸುತ್ತಲಿದ್ದವರು ನಕ್ಕರು. ನಗುತ್ತಲೇ ಮುಂದೆ ಹೋದರು. ಪಲ್ಲೆ ಕೈಗೆತ್ತಿಕೊಂಡಿದ್ದ ಒಬ್ಬ ಹೆಂಗಸು ಅದನ್ನು ತಿರುಗಿ ಇಟ್ಟು ಕೈ ಜಾಡಿಸಿಕೊಂಡಳು. ನಾನು ಬದನೆಕಾಯಿ ಮಾರುವವಳ ಹಿಂದೆ ನಿಂತಿದ್ದೆ. ಹುಲಗೂರಿನವಳು ನನ್ನನ್ನು ನೋಡಿದಳೋ ಇಲ್ಲವೋ ಗೊತ್ತಿಲ್ಲ. ನಾನು ಅಲ್ಲಿಂದ ಸರಿದು ಬಸ್ಸು ಹತ್ತಿದೆ. ಇದನ್ನೂ ಬರೆಯಬೇಕು. ಮೊದಲನೆಯದು ಬೀಗರ ಎದುರಿನ ಸೊಕ್ಕು ಎನ್ನಿ. ಇಲ್ಲಿ ಬೀಗರು ಯಾರೂ ಇರಲಿಲ್ಲ.

ಮರುದಿನ ಕೋಣೆಗೆ ಹೋದೆ. ಅವತ್ತು ನನ್ನ ಪಾಳಿ ಅಲ್ಲ. ಮೇಡಂ ಒತ್ತಿ ಒಣಗಲು ಇಟ್ಟ ಗಿಡಗಳ ನಡುವಿನ ಪತ್ರಿಕೆಯ ಹಾಳೆ ಬದಲಿಸುತ್ತಿದ್ದರು. ಕುಳಿತುಕೊಳ್ಳದೆಯೇ ಹೇಳಿದೆ.

"ತಗಚಿ ನಾ ತಿಂದೇನಿ. ನಾಕು ವರ್ಸ ತಿಂದೇನಿ. ಆಕಿ ಹೇಳಿದ್ದು ಖರೇ ಐತಿ. ಬೀಗತಿ ಇದ್ಲಂತ ನಾ ಸುಳ್ಳು ಹೇಳೇನಿ."

ಮೇಡಂ ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಪೆನ್ನು ತೆಗೆದು, ಇನ್ನ್ಯಾವ ಮಾತು ಸುಳ್ಳು ಎಂದು ಕೇಳಿದರು. ಬೈದಿದ್ದರೆ ಹಗುರಾಗುತ್ತಿತ್ತು. ಒಂದೊಂದೇ ಕಾರ್ಡು ತೆಗೆದು ನಾಲ್ಕು ತಾಸು ಕೇಳಿದರು. ಕಂಪ್ಯೂಟರಿಗೆ ಕೊಟ್ಟ ನನ್ನ ಮಾತು ಎಲ್ಲವನ್ನೂ, ಖರೆ ಇದ್ದವನ್ನೂ, ಪುನಃ ಹೇಳಿಸಿದರು. ನನ್ನನ್ನೂ ಅದೇ ಪದ್ಧತಿಯಂತೆ ಪಕ್ಕಕ್ಕೆ ಇಟ್ಟರು. ಅದು ಸರಿಯಾಗಿತ್ತು.

ಸರ್ ಮಾತ್ರ ಸಿಟ್ಟಾದರು. ತಗಚಿ ಒಂದನ್ನು ಕಸದಿಂದ ಬಿಚ್ಚಿ ಪಲ್ಲೆಗೆ ಕಟ್ಟಿದರೆ ಮುಗಿಯಿತಲ್ಲ ಎಂದರು. ಹಾಗೆ ಮಾಡಿದರೆ ಮುಗಿಯುವುದಿಲ್ಲ ಎಂದು ನನಗೆ ಕಂಡಿತು. ಜೋಳದ ಸಾಲಿನಲ್ಲಿ ನಿಂತ ತಗಚಿಯನ್ನು ಇವತ್ತಿಗೂ ನಾನು ಕಸ ಎಂದೇ ಕೀಳುತ್ತೇನೆ. ಕಿತ್ತದ್ದರಲ್ಲಿ ಎಳೆಯದನ್ನು ಆರಿಸಿ ಮನೆಗೆ ಒಯ್ದರೆ ಅದೇ ಪಲ್ಲೆ. ಹೂ ಬಿಟ್ಟ ಮೇಲೆ ಬದುವಿನ ಮೇಲಿದ್ದರೆ ಎರಡೂ ಅಲ್ಲ.

"ಕಸ ಅನ್ನೂದು ಗಿಡದ ಕುಲ ಅಲ್ರಿ ಸರ್," ಎಂದೆ. "ಅದು ಎಲ್ಲಿ ನಿಂತೈತಿ, ನಮಗ ಆಗ ಏನು ಬೇಕಾಗೇತಿ, ಅದರ ಮ್ಯಾಲ ಇಟ್ಟ ಹೆಸರು. ಕುಲದ ದಾರದಾಗ ಅದನ್ನ ಕಟ್ಟಿದ್ದ ತಪ್ಪಾತು."

ಸರ್ ಗೋಡೆಯ ಮೇಲಿನ ಕೆಂಪು ದಾರಗಳನ್ನು ಎಣಿಸಿದರು. ಅದನ್ನು ಒಪ್ಪಿದರೆ ಕಸ ಎನ್ನುವ ಮನೆಯನ್ನೇ ಕೀಳಬೇಕು, ಹದಿನೇಳು ಗಿಡಕ್ಕೂ ಒಂದೊಂದಾಗಿ ಬೇರೆ ಕೇಳಬೇಕು, ನಾಲ್ಕೂ ತಾಲೂಕಿಗೆ ಮತ್ತೆ ತಿರುಗಬೇಕು. ಮೇಡಂ ಕೀಳೋಣ ಎಂದರು. ಆ ಸಂಜೆಯೇ ಕೆಂಪು ದಾರ ಬಿಚ್ಚಿದೆವು. ಗೋಡೆಯ ಮೇಲೆ ಬೇರೊಂದು ಬಣ್ಣದ ದಾರ ಬಂತು: ಈ ಗಿಡ, ಈ ಜಾಗದಲ್ಲಿ, ಈ ತಿಂಗಳಲ್ಲಿ, ಇಂಥವರಿಗೆ ಕಸ. ಫೋನಿನಲ್ಲಿ ಬದಲಾಗುವಷ್ಟರಲ್ಲಿ ಮಳೆಗಾಲ ಮುಗಿದಿತ್ತು.

ಸವಣೂರಿನಲ್ಲಿ ನಾಲ್ಕೂ ತಾಲೂಕಿನ ಹೆಂಗಸರನ್ನು ಸೇರಿಸಿದ ದಿನ ನಾನು ಎದ್ದು ನಿಂತು ನಡೆದದ್ದನ್ನು ಹೇಳಿದೆ. ಹಿರೇಕೆರೂರಿನ ಒಬ್ಬಳು, ಹಂಗಾರ ನಾನೂ ಎರಡು ಮಾತು ತಿದ್ದಬೇಕ್ರಿ ಎಂದಳು. ಸೊಸೆಯ ಮೂಲಕ ಸುದ್ದಿ ಹಾನಗಲ್ಲಿಗೂ ಮುಟ್ಟಿತು. ಬೀಗತಿ ಮುಂದಿನ ಸಲ ಬಂದು ಊಟಕ್ಕೆ ಕುಳಿತಾಗ, ಬಡಿಸಿದ ಪಲ್ಲೆ ಯಾವುದೆಂದು ಎರಡು ಸಲ ನೋಡಿ ಉಂಡರು.

ಉಳಿದದ್ದು ಹುಲಗೂರು. ಮೇಡಂ ಜೊತೆಗೆ ಹೋದೆ. ಅವಳು ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು, ಮಂದಿಯದು, ಕೂಲಿಗೆ. ಸಂತೆಗೆ ಹೋಗುವುದನ್ನು ಬಿಟ್ಟಿದ್ದಳು. ಚಾಪೆ ಹಾಸಿದಳು, ನೀರು ಕೊಟ್ಟಳು. ನಾನು ಹೇಳಬೇಕಾದ್ದನ್ನು ಹೇಳಿದೆ. ನೀನು ಸುಳ್ಳು ಹೇಳಿರಲಿಲ್ಲ, ಸುಳ್ಳು ಹೇಳಿದವಳು ನಾನು, ಸವಣೂರಿನಲ್ಲಿ ಎಲ್ಲರ ಎದುರು ಒಪ್ಪಿದ್ದೇನೆ ಎಂದೆ. ಅವಳು ಕೈ ನಿಲ್ಲಿಸದೆ ಕೇಳಿದಳು. ಮೇಡಂ ಕಾಗದ ತೆಗೆದು, ಅವಳ ಹತ್ತೊಂಬತ್ತು ಮಾತನ್ನೂ ಅವಳ ಹೆಸರಿನಲ್ಲೇ ಮತ್ತೆ ಸೇರಿಸುತ್ತೇವೆ, ಒಪ್ಪಿಗೆ ಕೊಡಿ ಎಂದರು.

"ಬ್ಯಾಡ್ರಿ," ಎಂದಳು. "ನನ್ನ ಹೆಸರೂ ಬ್ಯಾಡ, ಮಾತೂ ಬ್ಯಾಡ. ತಗದ ಬಿಡ್ರಿ."

"ಸಿಟ್ಟು ನನ್ನ ಮ್ಯಾಲ ಇರ್ಲಿ ತಂಗಿ," ಎಂದೆ. "ಮಾತು ಯಾಕ ಹಾಳಾಗಬೇಕು?"

"ಸಿಟ್ಟಲ್ಲ ಆಯಿ. ನಮ್ಮ ಅಮ್ಮಿ ಸಾಯೂತನಕ ನಿಮ್ಮನ್ನ ನೆನಸ್ತಿದ್ಲು, ಜೋಡಿ ಉಂಡಾಕಿ ಅಂತ. ಇನ್ನ ಯಾರ ಮುಂದನೂ ಕುಂತು, ನಾವು ಏನು ತಿಂತೇವಿ ಅಂತ ಹೇಳಾಕ ನನಗ ಮನಸಿಲ್ಲ."

ಮೇಡಂ ಒತ್ತಾಯ ಮಾಡಲಿಲ್ಲ. ಹೇಳಿದವರು ಬೇಡ ಎಂದರೆ ತೆಗೆಯಲೇಬೇಕು ಎನ್ನುವುದು ಅವರ ನಿಯಮ. ಶಿಗ್ಗಾಂವಿಗೆ ಬಂದು ಹತ್ತೊಂಬತ್ತನ್ನೂ ತೆಗೆದರು. ಆಮೇಲೆ ನನ್ನನ್ನು ಕೂರಿಸಿ, ಇವುಗಳಲ್ಲಿ ನಿಮಗೇ ಸ್ವತಃ ಗೊತ್ತಿರುವುದು ಎಷ್ಟು ಎಂದು ಕೇಳಿದರು. ತಗಚಿ ಸೇರಿ ಹನ್ನೊಂದು ಗೊತ್ತಿತ್ತು. ಹೇಳಿದೆ. ಬೇರೆ ಊರಿನ ಹೆಂಗಸರಿಂದ ಅವನ್ನು ಖಾತ್ರಿ ಮಾಡಿಕೊಂಡರು. ಉಳಿದ ಎಂಟು ನನಗೆ ಗೊತ್ತಿಲ್ಲ. ಹಿರೇಕೆರೂರಿನವರಿಗೂ ಸವಣೂರಿನವರಿಗೂ ಗೊತ್ತಿಲ್ಲ. ಮಳೆ ಬಿದ್ದ ಎಂಟು ದಿನಕ್ಕೆ ಬರುವ ಬಳ್ಳಿ ಯಾವುದು ಎಂದು ಬದು ಬದು ತಿರುಗಿ ನೋಡಿದೆ. ಬಳ್ಳಿಗಳು ಬಹಳ ಇದ್ದವು. ಅದು ಯಾವುದೆಂದು ನನಗೆ ತಿಳಿಯಲಿಲ್ಲ.

ಆ ಎಂಟು ಸಾಲುಗಳು ಖಾಲಿ ಇವೆ. ಹನ್ನೊಂದರ ಮುಂದೆ, ಹೇಳಿದವರು ಎನ್ನುವ ಕಡೆ ನನ್ನ ಹೆಸರು ಇದೆ. ಅಲ್ಲಿ ಅವಳ ತಾಯಿಯ ಹೆಸರನ್ನಾದರೂ ಬರೆಯಿರಿ ಎಂದು ಕೇಳಿದೆ. ಮಗಳು ಒಪ್ಪದೆ ಬರೆಯುವಂತಿಲ್ಲ ಎಂದರು ಮೇಡಂ.